‘ಹುಣ್ಣು ಮಾಯವಲ್ದು’

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ವಾಸಿಯಾಗದ ಗಾಯದ ಬಗ್ಗೆ ಕೇಳಿಬರುವ ಮಾತು ‘ಹುಣ್ಣು ಮಾಯವಲ್ದು’. ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಪಾದಕ್ಕೆ ಜಾಲಿಮುಳ್ಳು ನಟ್ಟರೂ ತಿಳಿಯುವುದಿಲ್ಲ. ಸಂಜೆ ಚಪ್ಪಲಿ ಬಿಟ್ಟಾಗ ಅಂಟಿದ ರಕ್ತ ಕಂಡಮೇಲೇ ಗೊತ್ತು. ಆಮೇಲೆ ತಿಂಗಳುಗಟ್ಟಲೆ ಪಟ್ಟಿ ಕಟ್ಟಿಸುವ ಓಡಾಟ. ತೊಗರಿ ರಾಶಿಯ ಹೊತ್ತಿನ ಕೂಲಿ ತಪ್ಪುತ್ತದೆ, ಜತೆಗೆ ಬಂದವರದೂ ತಪ್ಪುತ್ತದೆ. ಕೀವಿನ ವಾಸನೆಗೆ ಅಳುಕಿ ಮದುವೆ, ಜಾತ್ರೆಗಳಿಗೆ ಹೋಗುವುದೂ ನಿಲ್ಲುತ್ತದೆ.

ಈ ನಷ್ಟಗಳನ್ನು ವೈದ್ಯಶಾಸ್ತ್ರ ಲೆಕ್ಕಕ್ಕೆ ಹಿಡಿದದ್ದು ತೀರ ತಡವಾಗಿ.

ಮೊದಲ ದೊಡ್ಡ ತಿರುವು ಸಿಕ್ಕಿದ್ದು ಕುಷ್ಠರೋಗಿಗಳ ಪಾದದಲ್ಲಿ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠವೇ ಮಾಂಸವನ್ನು ಕೊಳೆಸುತ್ತದೆ ಎಂಬ ನಂಬಿಕೆಯನ್ನು ಅಲ್ಲಗಳೆದರು. ನೋವು ತಿಳಿಯದ ಪಾದದ ಒಂದೇ ಜಾಗಕ್ಕೆ ಮತ್ತೆ ಮತ್ತೆ ಭಾರ ಬಿದ್ದು ಅಲ್ಲಿ ಹುಣ್ಣಾಗುತ್ತದೆ. ಭಾರ ಇಳಿಸಿದರೆ ಅದು ಮಾಯುತ್ತದೆ. ಪ್ಲಾಸ್ಟರ್ ಕಟ್ಟು, ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿಗಳ ಬಳಕೆ ಹಬ್ಬಿದ್ದು ಈ ತಿಳಿವಳಿಕೆಯಿಂದ. ಮಧುಮೇಹಿಗಳ ಪಾದಚಿಕಿತ್ಸೆ ಇಂದಿಗೂ ಇದೇ ಪಾಠದ ಮೇಲೆ ನಿಂತಿದೆ. ಗಾಯವನ್ನು ಒಣಗಿಸುವುದಕ್ಕಿಂತ ಹದವಾದ ತೇವದಲ್ಲಿಟ್ಟರೆ ಬೇಗ ಚರ್ಮ ಕೂಡುತ್ತದೆಂದು 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಹೊಸ ಬಗೆಯ ಪಟ್ಟಿಗಳು ಬಂದವು. ಆದರೂ ಅಳತೆಪಟ್ಟಿ ಮಾತ್ರ ಗಾಯದ ಉದ್ದಗಲವನ್ನಷ್ಟೇ ಅಳೆಯುತ್ತಿತ್ತು. 2004ರಲ್ಲಿ ಬ್ರಿಟನ್ನಿನ ಕಾರ್ಡಿಫ್ ತಜ್ಞರು ರೂಪಿಸಿದ ಪ್ರಶ್ನಾವಳಿ ನಿದ್ದೆ, ನೋವು, ವಾಸನೆ, ನಾಲ್ಕು ಜನರ ಒಡನಾಟದ ಬಗ್ಗೆಯೂ ರೋಗಿಯನ್ನೇ ಕೇಳಿತು.

ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಅಧ್ಯಾಯ ಕಾಸರಗೋಡಿನದು. ಡಾ. ಎಸ್. ಆರ್. ನರಹರಿ ಅವರು 1999ರಲ್ಲಿ ಅಲ್ಲಿ ಕಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆನೆಕಾಲು ರೋಗಿಗಳಿಗೆ ಆಯುರ್ವೇದ, ಯೋಗ, ಆಧುನಿಕ ವೈದ್ಯವನ್ನು ಒಟ್ಟುಗೂಡಿಸಿತು. ಬಾವು ಬಂದ ಕಾಲಿನ ಬೆರಳ ಸಂದಿಯ ಸಣ್ಣ ಬಿರುಕೇ ಸೋಂಕಿನ ಬಾಗಿಲು. ಹಾಗಾಗಿ ಕಾಲನ್ನು ಸೋಪು ಹಚ್ಚಿ ತೊಳೆದು, ಸಂದಿಯನ್ನು ಒಣಗುವಂತೆ ಒರೆಸಿ, ಔಷಧದ ನೀರಲ್ಲಿ ನೆನೆಸಿ, ಬಿಗಿಪಟ್ಟಿ ಸುತ್ತುವುದನ್ನು ಮನೆಯವರಿಗೇ ಕಲಿಸಲಾಯಿತು. ಸಿಂದಗಿಯ ಮಗ್ಗುಲ ಜಿಲ್ಲೆ ಕಲಬುರಗಿಯಲ್ಲೂ ಕೇರಳದ ಆಲಪ್ಪುಳದಲ್ಲೂ 730 ರೋಗಿಗಳೊಂದಿಗೆ ಊರಮಟ್ಟದಲ್ಲಿ ನಡೆದ ಪ್ರಯತ್ನದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಬಾವು ಇಳಿಯಿತೇ ಎಂಬುದರ ಜತೆಗೆ ನಡೆಯಲು, ದುಡಿಯಲು, ಜನರೊಂದಿಗೆ ಬೆರೆಯಲು ಆಗುತ್ತಿದೆಯೇ ಎಂದು ಕೇಳುವ ಪ್ರಶ್ನಾವಳಿಯೂ ಕಾಸರಗೋಡಿನ ಕೆಲಸದಿಂದಲೇ ಬಂತು. ಭೀಮಾ ನದಿಯ ಈಚೆ ದಡದ ನಮ್ಮ ಸೀಮೆಗೂ ಒಗ್ಗುವ ಮಾದರಿ ಇದು.

ಮತ್ತೆ ಸಕ್ಕರೆ ಕಾಯಿಲೆಗೆ ಬಂದರೆ, 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಅಂದಾಜಿನಂತೆ ದೇಶದ ಮಧುಮೇಹಿಗಳು 10.1 ಕೋಟಿ. ಮಾಯ್ದ ಪಾದದ ಹುಣ್ಣುಗಳಲ್ಲಿ ಸುಮಾರು 40 ಪ್ರತಿಶತ ವರ್ಷದೊಳಗೆ ಮರುಕಳಿಸುತ್ತವೆ. ಆದ್ದರಿಂದಲೇ ಈಗಿನ ಒತ್ತು ಮುನ್ನೆಚ್ಚರಿಕೆಗೆ. ಅದಕ್ಕೆ ಬೇಕಾದ ಸಾಧನವೂ ಸಣ್ಣದು: 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ. ರೋಗಿ ಕಣ್ಣು ಮುಚ್ಚಿರುವಾಗ ಅದನ್ನು ಅಂಗಾಲಿಗೆ ತಾಗಿಸುತ್ತಾರೆ. ತಾಗಿದ್ದು ತಿಳಿಯದಿದ್ದರೆ ಆ ಪಾದಕ್ಕೆ ಅಪಾಯವಿದೆ ಎಂದರ್ಥ. ಈ ಎಳೆ ಮತ್ತು ಮೆತ್ತನೆಯ ಚಪ್ಪಲಿ ನಾಲ್ಕೂ ತಾಲೂಕುಗಳ ಹಳ್ಳಿ ಹಳ್ಳಿಯ ರೋಗಿಗೆ ಕೈಗೆಟುಕಬೇಕು.

ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ, ಇಂದು ರಾತ್ರಿ ದೀಪದ ಬೆಳಕಲ್ಲಿ ಅವರ ಅಂಗಾಲನ್ನೊಮ್ಮೆ ನೋಡಿ. ಬೆರಳ ಸಂದಿಗಳನ್ನೂ.