ಇಳಿಜಾರು ಸೀಲಿಂಗ್ ಮತ್ತು ದೀಪಗಳ ಮಾದರಿ ರಚನೆ

ಕಟ್ಟಡ ವಿನ್ಯಾಸ ತಂತ್ರಾಂಶದಲ್ಲಿ ಓರೆಯಾದ ಒಳಚಾವಣಿಯನ್ನು ಬಿಡಿಸಿ, ಅದರ ಮೈಗೆ ದೀಪಗಳನ್ನು ಕೂರಿಸುವ ವಿಧಾನ. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಹಳೆಯ ಮಣ್ಣಿನ ಮಾಳಿಗೆ ಮನೆಗಳಿಗೆ ಇದರ ಹಂಗಿಲ್ಲ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಚಾವಣಿ ಬಹುಮಟ್ಟಿಗೆ ಸಪಾಟು. ಪೇಚು ಶುರುವಾಗುವುದು ತಗಡಿನ ಶೆಡ್ಡು, ಗೋದಾಮು, ಸಭಾಭವನಗಳ ನಕ್ಷೆಯಲ್ಲಿ.

ಆಟೋಡೆಸ್ಕ್ ಕಂಪನಿ 2002ರಲ್ಲಿ ಕೊಂಡ, ಇಂಥದೊಂದು ತಂತ್ರಾಂಶವಾದ ರೆವಿಟ್‌ನಲ್ಲಿ ಸೀಲಿಂಗಿನ ಅಂಚನ್ನು ಗೆರೆಯಲ್ಲಿ ಗುರುತಿಸಿ, ಇಳಿಜಾರಿನ ಬಾಣ ಎಳೆದರೆ ಅದು ವಾಲುತ್ತದೆ. ಓರೆ 10 ಡಿಗ್ರಿಯಾದರೆ 6 ಮೀಟರ್ ಅಗಲದ ಕೋಣೆಯ ಎರಡು ಬದಿಗಳ ಎತ್ತರದಲ್ಲಿ ಸುಮಾರು 1.06 ಮೀಟರ್ ವ್ಯತ್ಯಾಸ. ಎರಡೂ ಕಡೆ ಇಳಿಯುವ ಸೀಲಿಂಗಿಗೆ ಎರಡು ತುಂಡು ಬೇಕು.

ದೀಪದ ಕಥೆ ಬೇರೆ. ಸೀಲಿಂಗಿನೊಳಗೆ ಹುದುಗುವ ದೀಪ ಓರೆಯಾಗಿ ಕೂತರೆ ಸರಿಯೇ. ತೂಗುದೀಪವೂ ಹಾಗೇ ವಾಲಿದರೆ ಗುರುತ್ವಾಕರ್ಷಣೆಗೇ ಅವಮಾನ: ಅದೇ 10 ಡಿಗ್ರಿಗೆ 1 ಮೀಟರ್ ಉದ್ದದ ಕಡ್ಡಿಯ ತುದಿ 17 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಹಾಗಾಗಿ ಬುಡದ ಬಟ್ಟಲು ಸೀಲಿಂಗಿಗೆ ಅಂಟಿ ವಾಲುವಂತೆ, ಕಡ್ಡಿ ಮಾತ್ರ ನೆಟ್ಟಗೆ ಇಳಿಯುವಂತೆ ದೀಪದ ಮಾದರಿಯಲ್ಲೇ ಕೋನವನ್ನು ಹೊಂದಿಸಿಕೊಳ್ಳಲು ಅವಕಾಶ ಇಡುತ್ತಾರೆ. ಬೆಳಕು ಹೇಗೆ ಹರಡುತ್ತದೆಂಬುದನ್ನು ಐಇಎಸ್ ಕಡತ ತಿಳಿಸುತ್ತದೆ. ದೀಪ ವಾಲಿದರೆ ಬೆಳಕೂ ವಾಲಿ ಲೆಕ್ಕ ತಪ್ಪುತ್ತದೆ.

ವಿಜಯಪುರದ ಗೋಳಗುಮ್ಮಟದ ಮಾದರಿ ರಚನೆ ಇನ್ನೂ ಕಠಿಣ. 1656ರಲ್ಲಿ ಮುಗಿದ, ಸುಮಾರು 44 ಮೀಟರ್ ಹೊರವ್ಯಾಸದ ಈ ಗುಮ್ಮಟ ಒಂದನ್ನೊಂದು ಛೇದಿಸುವ ಕಮಾನುಗಳ ಮೇಲೆ ನಿಂತಿದೆ. ಸೀಲಿಂಗ್ ಉಪಕರಣ ಬಲ್ಲದ್ದು ಸಮತಲವನ್ನಷ್ಟೇ. ಗುಮ್ಮಟದ ಒಳಮೈಯನ್ನು ಪ್ರತ್ಯೇಕ ಘನರೂಪವಾಗಿ ರಚಿಸಿ, ಬಾಗಿದ ಮೇಲ್ಮೈಗೂ ಅಂಟಬಲ್ಲ ದೀಪಗಳನ್ನೇ ಆರಿಸಬೇಕಾಗುತ್ತದೆ.