ಸಾವಿರ ಮುಖ ನಮ್ಮಲ್ಲೂ ಇತ್ತು: ಏಣಗಿ ಬಾಳಪ್ಪ

ಮೂಕಿ ಚಿತ್ರಗಳ ಹುಚ್ಚು ಇರುವವರಿಗೆ ಹಾಲಿವುಡ್ಡಿನ ಲಾನ್ ಚೇನಿ ಗೊತ್ತಿರುತ್ತಾನೆ. 1883ರಲ್ಲಿ ಹುಟ್ಟಿ 1930ರಲ್ಲಿ ತೀರಿಕೊಂಡ ಈತನಿಗೆ 'ಸಾವಿರ ಮುಖಗಳ ಮನುಷ್ಯ' ಅಂತ ಬಿರುದು. ಮೇಕಪ್ಪು ತಾನೇ ಮಾಡಿಕೊಳ್ಳುತ್ತಿದ್ದ. 1923ರಲ್ಲಿ ನೋಟ್ರ ಡಾಮ್‌ನ ಗೂನುಬೆನ್ನಿನವ, 1925ರಲ್ಲಿ ಒಪೆರಾ ಮನೆಯ ಭೂತ... ಎರಡೂ ಒಬ್ಬನೇ ಅಂದರೆ ನಂಬುವುದು ಕಷ್ಟ. ಅವನ ಬಗ್ಗೆ ಓದಿದಾಗಲೆಲ್ಲ ನನಗೆ ನೆನಪಾಗುವವರು ನಮ್ಮ ಕಡೆಯ ಏಣಗಿ ಬಾಳಪ್ಪನವರು.

ನನ್ನೂರು ನವಲಗುಂದ ತಾಲ್ಲೂಕಿನ ಯಮನೂರು. ಬೆಣ್ಣಿಹಳ್ಳದ ದಂಡೆಯ ಜಾತ್ರೆಯ ಊರು ಅಂದರೆ ಧಾರವಾಡದ ಕಡೆಯವರಿಗೆ ತಕ್ಷಣ ಗೊತ್ತಾಗುತ್ತದೆ. ಏಣಗಿ ಇರುವುದು ನೆರೆಯ ಸವದತ್ತಿ ತಾಲ್ಲೂಕಿನಲ್ಲಿ. ಬಾಳಪ್ಪನವರು ಹುಟ್ಟಿದ್ದು 1914ರಲ್ಲಿ, ತೀರಿಕೊಂಡದ್ದು 2017ರ ಆಗಸ್ಟಿನಲ್ಲಿ. ನೂರು ದಾಟಿದ ಜೀವ!

ಅವರು ಬಣ್ಣ ಹಚ್ಚಿದ ಕಾಲದಲ್ಲಿ ಕಂಪನಿ ನಾಟಕಗಳಲ್ಲಿ ಹೆಣ್ಣಿನ ಪಾತ್ರವನ್ನು ಬಹಳಷ್ಟು ಸಲ ಹುಡುಗರೇ ಮಾಡಬೇಕಿತ್ತು. ಬಾಳಪ್ಪನವರ ಶುರುವಾತು ಆದದ್ದೂ ಸ್ತ್ರೀಪಾತ್ರಗಳಿಂದಲೇ. ಅದೇ ಮನುಷ್ಯ ಮುಂದೆ 'ಕಲಾವೈಭವ ನಾಟ್ಯ ಸಂಘ' ಕಟ್ಟಿ, 'ಜಗಜ್ಯೋತಿ ಬಸವೇಶ್ವರ' ನಾಟಕದಲ್ಲಿ ಬಸವಣ್ಣನಾಗಿ ನಿಂತರು. ಜನ ನಾಟಕ ಮರೆತು ಅವರ ಕಾಲಿಗೆ ಬೀಳುತ್ತಿದ್ದರಂತೆ. ಏಣಗಿ ಲಕ್ಷ್ಮೀಬಾಯಿಯವರಂಥ ನಟಿಯರು ರಂಗದ ಮೇಲೆ ಬಂದದ್ದನ್ನೂ ಅವರು ಕಂಡರು. ಅಂದರೆ ಸೀರೆ ಉಟ್ಟ ಹುಡುಗನ ಕಾಲದಿಂದ ನಿಜವಾದ ನಟಿಯರ ಕಾಲದವರೆಗಿನ ಇತಿಹಾಸ ಒಂದೇ ಬಾಳಿನಲ್ಲಿದೆ.

ಸಿನಿಮಾ ನಟನಿಗೆ ಇನ್ನೊಂದು ಟೇಕ್ ಇರುತ್ತದೆ, ಕ್ಲೋಸಪ್ ಇರುತ್ತದೆ. ಕಂಪನಿ ನಟನಿಗೆ ಅದೆಲ್ಲಿ? ಎದುರಿಗೆ ಚಾಪೆಯ ಮೇಲೆ ಕೂತ ಜನ, ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ. ಕೊನೆಯ ಸಾಲಿನವನಿಗೂ ಮಾತು ಕೇಳಬೇಕು, ಹಾಡೂ ಬರಬೇಕು. ಒಂದು ಊರಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪ್ ಹಾಕಿದರೆ ನಾಟಕ ಬದಲಾಗುತ್ತಿರಬೇಕು, ಇಲ್ಲದಿದ್ದರೆ ಟಿಕೆಟ್ಟು ಹೋಗುವುದಿಲ್ಲ. ನಿನ್ನೆಯ ಪಾತ್ರ ನೋಡಿದವರೇ ಇವತ್ತೂ ಮುಂದೆ ಕೂತಿರುತ್ತಾರೆ. ಅವರ ಕಣ್ಣಿಗೆ ಬೇರೆ ಮನುಷ್ಯನಾಗಿ ಕಾಣಬೇಕು! ವೈವಿಧ್ಯ ಅನ್ನುವುದು ಅಲ್ಲಿ ಹೊಟ್ಟೆಪಾಡಿನ ಪ್ರಶ್ನೆ.

ಇನ್ನೊಂದು ವಿಷಯ. ಚೇನಿಯ 1927ರ 'ಲಂಡನ್ ಆಫ್ಟರ್ ಮಿಡ್‌ನೈಟ್' ಚಿತ್ರದ ಉಳಿದಿದ್ದ ಪ್ರತಿ 1965ರಲ್ಲಿ ಎಂಜಿಎಂ ಕಂಪನಿಯ ಗೋದಾಮಿಗೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು. ಸಿನಿಮಾಪ್ರೇಮಿಗಳು ಇವತ್ತಿಗೂ ಅದಕ್ಕಾಗಿ ಹಲುಬುತ್ತಾರೆ. ಕಂಪನಿ ನಾಟಕಗಳಲ್ಲಿ ಅಂಥ ಬೆಂಕಿ ಬೀಳುತ್ತಿದ್ದದ್ದು ಪ್ರತಿರಾತ್ರಿ. ಪರದೆ ಬಿತ್ತೆಂದರೆ ಆವತ್ತಿನ ಆಟ ಮುಗಿಯಿತು, ಬ್ಯಾಕಪ್ ಇಲ್ಲ. ಇದ್ದ ಒಂದೇ ಪ್ರತಿ ನೋಡಿದವರ ತಲೆಯಲ್ಲಿ.

ಬಾಳಪ್ಪನವರ ಮಾತು ಗಣೇಶ ಅಮೀನಗಡ ಅವರು ನಿರೂಪಿಸಿದ 'ಬಣ್ಣದ ಬದುಕಿನ ಚಿನ್ನದ ದಿನಗಳು' ಪುಸ್ತಕದಲ್ಲಿ ಉಳಿದಿದೆ, ಪುಣ್ಯ. ಆದರೆ ಅದು ರಂಗದ ಮೇಲಿನವರ ಕಥೆ. ಕೆಳಗೆ ಕೂತು ನೋಡಿದವರ ಕಥೆ? ಐವತ್ತು-ಅರವತ್ತರ ದಶಕದಲ್ಲಿ ಚಕ್ಕಡಿ ಕಟ್ಟಿಕೊಂಡು ನಾಟಕಕ್ಕೆ ಹೋದವರಿಗೆ ಈಗ ಎಂಬತ್ತು ದಾಟಿದೆ.

ಬ್ಲಾಗಿಗರೇ, ನಿಮ್ಮ ಮನೆಯಲ್ಲಿ ಅಂಥ ಅಜ್ಜ, ಅಮ್ಮ, ಆಯಿ ಇದ್ದರೆ ಈ ಸಲ ಊರಿಗೆ ಹೋದಾಗ ಮೊಬೈಲ್ ರೆಕಾರ್ಡರ್ ಹಚ್ಚಿ ಕೇಳಿ. ಯಾವ ಕಂಪನಿ, ಯಾವ ನಾಟಕ, ಯಾರ ಪಾತ್ರ, ಟಿಕೆಟ್ ಎಷ್ಟಿತ್ತು, ಎಲ್ಲಿ ಅತ್ತರು. ಕೇಳಿದ್ದನ್ನು ಬರೆದು ಹಾಕಿ, ನಾನು ಓದಲಿಕ್ಕೆ ಕಾದಿರುತ್ತೇನೆ.