ಜಾವಾದ ಗಂಟಲು

ಹಳೆಯ ಮೈಸೂರಿನ ಬೀದಿಗಳನ್ನು ಬಲ್ಲವರಿಗೆ ಜಾವಾ ಮೋಟಾರ್ ಸೈಕಲ್ಲಿನ ಸದ್ದನ್ನು ವರ್ಣಿಸಿ ಹೇಳಬೇಕಾಗಿಲ್ಲ. ಜೆಕ್ ದೇಶದ ಜಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪೆನಿಯಿಂದ ಪರವಾನಗಿ ಪಡೆದು 1929ರಲ್ಲಿ ತೊಡಗಿದ ಉದ್ಯಮ ಅದು. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ 'ಜಾವಾ' ಆಯಿತು. ಇದು ಸಂಧಿಯೋ ಸಮಾಸವೋ ಎಂದು ವೈಯಾಕರಣರು ಚರ್ಚಿಸಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು ಜಯಚಾಮರಾಜ ಒಡೆಯರು 1961ರಲ್ಲಿ ಉದ್ಘಾಟಿಸಿದರು. 1996ರಲ್ಲಿ ಅದು ಬಾಗಿಲು ಮುಚ್ಚಿತು. ಆ ಏಳುಬೀಳಿನ ಕಥೆಯನ್ನು ಹೇಳಿದವರು ಅನೇಕರಿದ್ದಾರೆ. ನಾನು ಹೇಳಹೊರಟಿರುವುದು ಆ ಗಾಡಿಯಲ್ಲಿದ್ದ, ಅಂಗೈಯಲ್ಲಿ ಅಡಗುವಷ್ಟು ಕಿರಿದಾದ ಒಂದು ಅಂಗದ ವಿಷಯ: ಕಾರ್ಬುರೇಟರ್.

ಪೆಟ್ರೋಲು ದ್ರವವಾಗಿ ಇದ್ದಲ್ಲಿ ಎಂಜಿನ್ನಿಗೆ ಪ್ರಯೋಜನವಿಲ್ಲ. ತೂಕದಲ್ಲಿ ಸುಮಾರು ಹದಿನೈದು ಪಾಲು ಗಾಳಿಗೆ ಒಂದು ಪಾಲಿನಂತೆ ಅದು ಬೆರೆಯಬೇಕು. 1885ರಲ್ಲಿ ಡೈಮ್ಲರ್ ಮತ್ತು ಮೇಬಾಕ್ ಮರದ ಚೌಕಟ್ಟಿನ ತಮ್ಮ ದ್ವಿಚಕ್ರ ಗಾಡಿಯನ್ನು ಓಡಿಸಿದಾಗ, ಪೆಟ್ರೋಲಿನಿಂದ ತಾನಾಗಿ ಏಳುವ ಆವಿಯನ್ನೇ ನಂಬಿದ್ದರು. ಹನಿಯನ್ನು ಸಣ್ಣ ಮೂತಿಯಿಂದ ಚಿಮ್ಮಿಸುವ ಉಪಾಯವನ್ನು ಮೇಬಾಕ್ ಕಂಡುಕೊಂಡದ್ದು 1893ರಲ್ಲಿ. ಅದೇ ವರ್ಷ ಹಂಗೆರಿಯ ಬಾಂಕಿ ಮತ್ತು ಚೊಂಕಾ ಎಂಬಿಬ್ಬರೂ ಇಂಥದೇ ಸಾಧನಕ್ಕೆ ಪೇಟೆಂಟ್ ಪಡೆದರು. ಹೂ ಮಾರುವ ಹುಡುಗಿಯೊಬ್ಬಳು ಹೂಗಳ ಮೇಲೆ ನೀರು ಸಿಂಪಡಿಸುತ್ತಿದ್ದುದನ್ನು ಕಂಡು ಅವರಿಗೆ ಈ ಯೋಚನೆ ಹೊಳೆಯಿತೆಂದು ಒಂದು ಐತಿಹ್ಯವುಂಟು. ಅದು ಸುಳ್ಳೇ ಇರಬಹುದು. ಆದರೂ ಬಿಟ್ಟುಕೊಡಲು ಮನಸ್ಸು ಬಾರದ ಸುಳ್ಳು.

ಜಾವಾದ ಮೊದಲ ಗಾಡಿಗಳಲ್ಲಿದ್ದುದು ಜೆಕ್ ದೇಶದ ಜಿಕೋವ್ ಕಾರ್ಬುರೇಟರು. ಅದರ ಗಂಟಲಿನ ಅಗಲ 24 ಮಿಲಿಮೀಟರು. ಕಿರಿದಾದ ಗಂಟಲಲ್ಲಿ ಹಾಯುವಾಗ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ತಗ್ಗುತ್ತದೆ. ಬರ್ನೂಲಿ 1738ರಲ್ಲಿ ವಿವರಿಸಿದ ತತ್ತ್ವವಿದು. ಆಗ ಕೆಳಗಿನ ಬಟ್ಟಲಿನ ಪೆಟ್ರೋಲು, ಒಂದು ಮಿಲಿಮೀಟರಿಗೂ ಕಿರಿದಾದ ರಂಧ್ರವುಳ್ಳ ಹಿತ್ತಾಳೆಯ ಜೆಟ್ಟಿನ ಮೂಲಕ ಮೇಲೇರಿ ಗಾಳಿಯಲ್ಲಿ ತುಂತುರಾಗುತ್ತದೆ. ಎಲ್ಲ ಲೆಕ್ಕವೂ ನಿಂತಿರುವುದು ಆ ರಂಧ್ರದ ಮೇಲೆ.

ಇಲ್ಲಿಯೇ ನನ್ನ ಅನುಭವವೊಂದನ್ನು ಹೇಳಬೇಕು. ಅಧ್ಯಾಪಕನಾದ ಹೊಸದರಲ್ಲಿ ಹಳೆಯ ಜಾವಾ ಒಂದನ್ನು ಕೊಂಡಿದ್ದೆ. ಅದು ಒಂದು ದಿನ ನಿಂತಾಗ ರಿಪೇರಿಯವನೊಬ್ಬನು ಜೆಟ್ಟು ಕಟ್ಟಿದೆಯೆಂದು ಉಕ್ಕಿನ ತಂತಿಯಿಂದ ಕೆರೆದು ಸರಿಮಾಡಿದ. ಗಾಡಿ ಹೊರಟಿತು, ನಿಜ. ಆದರೆ ಅಂದಿನಿಂದ ಅದು ಹೊಗೆ ಕಾರುತ್ತಿತ್ತು, ಪ್ಲಗ್ಗು ಮಸಿಯಾಗುತ್ತಿತ್ತು, ಸಂಬಳದ ಬಹುಭಾಗವನ್ನು ಪೆಟ್ರೋಲಿನ ರೂಪದಲ್ಲಿ ಕುಡಿಯುತ್ತಿತ್ತು. ರಂಧ್ರ ಹಿಗ್ಗಿಹೋಗಿತ್ತು, ಮೇಲೆ ಕೆತ್ತಿದ್ದ ಅಂಕಿ ಮಾತ್ರ ಹಾಗೆಯೇ ಇತ್ತು. ಓಲೆಗರಿಯಲ್ಲಿ ಅರ್ಥವಾಗದ ಪದವನ್ನು ಲಿಪಿಕಾರ ತಿದ್ದಿಬಿಟ್ಟರೆ ಸಂಪಾದಕನಿಗೆ ಒದಗುವ ಕಷ್ಟ ಇಂಥದೇ. ಜೆಟ್ಟನ್ನು ಪೆಟ್ರೋಲಿನಲ್ಲಿ ನೆನೆಸಿ ಗಾಳಿ ಊದಬೇಕು, ಲೋಹವನ್ನು ಮುಟ್ಟಿಸಲೇಬಾರದು. ಇದನ್ನು ನನಗೆ ಕಲಿಸಿದಾತ ಇನ್ನೊಬ್ಬ ವೃದ್ಧ ಮೇಸ್ತ್ರಿ.

ಆತನಿಂದ ಕಲಿತದ್ದು ಅಷ್ಟೇ ಅಲ್ಲ. ಬಟ್ಟಲಲ್ಲಿ ತೇಲುವ ಹಿತ್ತಾಳೆಯ ಗುಂಡನ್ನು ಆತ ಕಿವಿಯ ಬಳಿ ಅಲುಗಿಸಿ ನೋಡುತ್ತಿದ್ದ. ಒಳಗೆ ಪೆಟ್ರೋಲು ಕುಲುಕಿದರೆ ಎಲ್ಲಿಯೋ ತೂತಾಗಿದೆಯೆಂದರ್ಥ. ಬಿಸಿನೀರಿನಲ್ಲಿ ಅದ್ದಿದರೆ ಗುಳ್ಳೆಗಳೆದ್ದು ತೂತನ್ನು ತೋರಿಸಿಕೊಡುತ್ತವೆ. ಬೆಸುಗೆಯನ್ನು ಆದಷ್ಟು ಹಗುರವಾಗಿ ಹಾಕಬೇಕು. ಗುಂಡು ಭಾರವಾದರೆ ಬಟ್ಟಲಲ್ಲಿ ಪೆಟ್ರೋಲಿನ ಮಟ್ಟ ಏರುತ್ತದೆ. ಕೊನೆಗೆ ಎಂಜಿನ್ನನ್ನು ಚೆನ್ನಾಗಿ ಕಾಯಿಸಿ, ಗಾಳಿಯ ತಿರುಪನ್ನು ಕಾಲು ಕಾಲು ಸುತ್ತಾಗಿ ತಿರುವುತ್ತ, ಓಟ ಚುರುಕಾಗಿ ಸಮವಾಗುವ ತಾಣದಲ್ಲಿ ನಿಲ್ಲಿಸುತ್ತಿದ್ದ. ಆಗ ಯಾರೂ ಮಾತನಾಡಕೂಡದು. ತಂಬೂರಿಯ ಶ್ರುತಿ ಕೂಡಿಸುವವರಂತೆ ಆತನ ತಲೆ ತುಸು ವಾಲಿರುತ್ತಿತ್ತು.

ಜಾವಾದಲ್ಲಿ ಈ ಹದ ತಪ್ಪಿದರೆ ಅಪಾಯ ಹೆಚ್ಚು. ಅದು ಎರಡು ಹೊಡೆತದ ಎಂಜಿನ್ನು. ಪಿಸ್ಟನ್ನಿಗೆ ಬೇಕಾದ ಎಣ್ಣೆಯೂ ಪೆಟ್ರೋಲಿನಲ್ಲೇ ಬೆರೆತು ಬರಬೇಕು. ಮೊದಲ ಕಾಲದಲ್ಲಿ ಇಪ್ಪತ್ತೈದಕ್ಕೆ ಒಂದು ಭಾಗ ಎಣ್ಣೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಪೆಟ್ರೋಲು ಆರಿಹೋಗಿ ಎಣ್ಣೆ ಅಂಟಾಗಿ ಜೆಟ್ಟನ್ನು ಮುಚ್ಚುತ್ತದೆ. ಅರೆಮುಚ್ಚಿದ ಜೆಟ್ಟಿನೊಡನೆ ಓಡಿಸಿದರೆ ಪೆಟ್ರೋಲಿನ ಜೊತೆಗೆ ಎಣ್ಣೆಯೂ ಕಡಮೆಯಾಗಿ, ಕಾದ ಪಿಸ್ಟನ್ನು ನಡುದಾರಿಯಲ್ಲಿ ಕಚ್ಚಿಕೊಳ್ಳುತ್ತದೆ.

ಊರು ಬದಲಾದರೂ ಹದ ಬದಲಾಗುತ್ತದೆ. ಮೈಸೂರಿನಿಂದ ಬಂಡೀಪುರದ ಮಾರ್ಗವಾಗಿ ಊಟಿಗೆ ಹತ್ತಿದವರೆಲ್ಲ ಇದನ್ನು ಬಲ್ಲರು. ಸಮುದ್ರಮಟ್ಟದಿಂದ 2,200 ಮೀಟರಿನಾಚೆಯ ಆ ಊರಿನಲ್ಲಿ ಗಾಳಿಯ ಸಾಂದ್ರತೆ ಕಡಲತೀರಕ್ಕಿಂತ ಸುಮಾರು ಐದನೆಯ ಒಂದು ಪಾಲು ಕಡಮೆ. ಮೈಸೂರಿನಲ್ಲಿ ಹದವಾಗಿದ್ದ ಗಾಡಿ ಅಲ್ಲಿ ಪೆಟ್ರೋಲು ಹೆಚ್ಚಾಗಿ ಉಬ್ಬಸಪಡುತ್ತದೆ.

ಇಂಥ ತೊಡಕುಗಳಿಂದ ಹೊಸ ಗಾಡಿಗಳು ಬಿಡುಗಡೆ ಪಡೆದಿವೆ. 2020ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 6 ನಿಯಮ ಜಾರಿಯಾದ ಮೇಲೆ ಕಾರ್ಬುರೇಟರಿನ ಸ್ಥಾನಕ್ಕೆ ವಿದ್ಯುನ್ಮಾನದ ಇಂಜೆಕ್ಷನ್ ಬಂದಿತು. ಅದು ಗಾಳಿಯನ್ನು ತಾನೇ ಅಳೆದುಕೊಳ್ಳುತ್ತದೆ. ಹಳೆಯ ಜಾವಾಕ್ಕಾದರೋ ಹೊಸ ಸಮಸ್ಯೆಯೊಂದು ಒದಗಿದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ತನ್ನೊಳಗೇ ಆಮ್ಲಜನಕವನ್ನು ಹೊತ್ತು ತರುವುದರಿಂದ, 1961ರ ಪೆಟ್ರೋಲಿಗೆಂದು ಕೊರೆದ ರಂಧ್ರದಿಂದ ಬರುವುದು ಸಾಲದು; ಎಂಜಿನ್ನು ಕಾಯುತ್ತದೆ. ಅದು ತೇವವನ್ನೂ ಹೀರುತ್ತದೆ. ನಿಂತ ಗಾಡಿಯ ಬಟ್ಟಲಿನ ತಳದಲ್ಲಿ ನೀರು ಕೂಡಬಹುದು. ಅಂಕಿಯಲ್ಲಿ ತುಸು ದೊಡ್ಡದಾದ ಜೆಟ್ಟನ್ನು ಹಾಕಿ, ಓಡಿಸಿ, ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಮಸಿಗಪ್ಪಾಗಿದ್ದರೆ ಪೆಟ್ರೋಲು ಹೆಚ್ಚು, ಬಿಳಿಚಿದ್ದರೆ ಕಡಮೆ. ಕಾಫಿಪುಡಿಯ ಕಂದು ಬಂದಿದ್ದರೆ ಸರಿ. ಊಟಿಗೆ ಹೊರಟವರು ಮಾತ್ರ ಹಳೆಯ ಜೆಟ್ಟನ್ನು ಜೇಬಿನಲ್ಲಿಟ್ಟುಕೊಂಡಿರುವುದು ಒಳ್ಳೆಯದು.